ಯಾವ ಲಿನಕ್ಸ್ ಅನ್ನೋದು ಮೊದಲ ಪ್ರಶ್ನೆ ಅಲ್ಲ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಿಕೊಳ್ಳೋಣ ಅಂದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಆದರೂ ಇರಬೇಕು. ಅಂದರೆ ಸುಮಾರು 2017ಕ್ಕಿಂತ ಮುಂಚೆ ಬಂದ ಇಂಟೆಲ್ ಲ್ಯಾಪ್‌ಟಾಪ್‌ಗಳು ಬಹುತೇಕ ಲೆಕ್ಕಕ್ಕಿಲ್ಲ. ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ಹೆಸರು ಕೊಟ್ಟವರಿಗೆ 2026ರ ಅಕ್ಟೋಬರ್ 13ರವರೆಗೆ ಉಸಿರಾಡಲು ಜಾಗ ಇದೆ, ಅಷ್ಟೇ. ಪರದೆ ಸರಿ ಇದೆ, ಕೀಬೋರ್ಡ್ ಸರಿ ಇದೆ, ಮೆಷೀನು ಸುಮ್ನೆ ಮೂಲೆಗೆ ಹೋಗಬೇಕಾ ಅಂತ ಯಾರಿಗಾದರೂ ಅನ್ನಿಸುತ್ತದೆ. ಆಗ ವಿಂಡೋಸ್ ಬದಲಿಗೆ ಉಚಿತವಾಗಿ ಹಾಕಿಕೊಳ್ಳಬಹುದಾದ ಲಿನಕ್ಸ್ ನೆನಪಾಗುತ್ತದೆ. ಅದರ ಬೆನ್ನಿಗೇ ಬರುವ ಪ್ರಶ್ನೆ: ಯಾವುದು ಹಾಕಲಿ?

ಉಬುಂಟು, ಮಿಂಟ್, ಫೆಡೋರಾ, ಡೆಬಿಯನ್, ಜೋರಿನ್, ಪಾಪ್, ಆರ್ಚ್, ಅದರ ಮರಿಗಳು. ಎಲ್ಲವೂ ಲಿನಕ್ಸ್‌ನ ಬೇರೆ ಬೇರೆ ರೂಪಗಳು, ಡಿಸ್ಟ್ರೋ ಅನ್ನುತ್ತಾರೆ. ನೂರಾರು ಹೆಸರು. ಪ್ರತಿಯೊಂದಕ್ಕೂ ಜೀವ ಬಿಡುವ ಅಭಿಮಾನಿಗಳು. ಹತ್ತು ವಿಡಿಯೋ ನೋಡಿದವರು ಹನ್ನೊಂದನೆಯದನ್ನು ನೋಡುತ್ತಾರೆಯೇ ಹೊರತು ಪೆನ್‌ಡ್ರೈವ್ ಮಾಡಿಕೊಳ್ಳುವುದಿಲ್ಲ. ಹಾಕಿದವರೂ ತಿಂಗಳಿಗೊಂದು ಬದಲಿಸುತ್ತಾ ಹೋಗುತ್ತಾರೆ. ಇಷ್ಟೊಂದು ತಲೆ ಕೆಡಿಸಿಕೊಳ್ಳುವಷ್ಟು ವ್ಯತ್ಯಾಸ ಅಲ್ಲಿ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ವ್ಯತ್ಯಾಸ ಇರುವ ಜಾಗವೇ ಬೇರೆ, ಜನ ನೋಡುವ ಜಾಗವೇ ಬೇರೆ.

ಒಳಗೆ ಏನಿದೆ ನೋಡಿ. ಕರ್ನಲ್, ಅಂದರೆ ಹಾರ್ಡ್‌ವೇರ್ ನಡೆಸುವ ತಿರುಳು, ಎಲ್ಲದರಲ್ಲೂ ಒಂದೇ, 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಶುರು ಮಾಡಿದ್ದು. ಫೈರ್‌ಫಾಕ್ಸ್ ಅದೇ, ಲಿಬ್ರೆಆಫೀಸ್ ಅದೇ, ವಿಎಲ್‌ಸಿ ಅದೇ. ಕನ್ನಡದ ಒತ್ತಕ್ಷರಗಳನ್ನು ಪರದೆಯ ಮೇಲೆ ಜೋಡಿಸುವ ಹಾರ್ಫ್‌ಬಜ್ ಕೂಡ ಎಲ್ಲದರಲ್ಲೂ ಅದೇ. ಹಾಗಾಗಿ "ಈ ಡಿಸ್ಟ್ರೋದಲ್ಲಿ ಕನ್ನಡ ಚೆನ್ನಾಗಿ ಕಾಣುತ್ತೆ, ಅದರಲ್ಲಿ ಕಾಣಲ್ಲ" ಅನ್ನುವ ಮಾತು ಬಹುಪಾಲು ಫಾಂಟಿನ ಮಾತು. ನೋಟೋ ಫಾಂಟುಗಳನ್ನೋ, ಗುಬ್ಬಿ, ನವಿಲು ಫಾಂಟುಗಳನ್ನೋ ಹಾಕಿಕೊಂಡರೆ ಮುಗಿಯಿತು.

ನಿಜವಾದ ವ್ಯತ್ಯಾಸ ಎರಡರಲ್ಲಿ ಇದೆ. ಹೊಸದು ಯಾವಾಗ ಬರುತ್ತದೆ? ಅದನ್ನು ಯಾರು ತೀರ್ಮಾನಿಸುತ್ತಾರೆ?

ಮೊದಲನೆಯದನ್ನು ತೆಗೆದುಕೊಳ್ಳೋಣ. ಉಬುಂಟುವಿನ ಎಲ್‌ಟಿಎಸ್, ಅಂದರೆ ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿ, ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷದ ಏಪ್ರಿಲ್‌ನಲ್ಲಿ ಬರುತ್ತದೆ. ಐದು ವರ್ಷ ಬೆಂಬಲ. ಮಿಂಟ್ ಅದೇ ತಳಪಾಯದ ಮೇಲೆ ನಿಂತಿದೆ. 2024ರ ಮಿಂಟ್ 22ರ ಸರಣಿಗೆ 2029ರವರೆಗೆ ಚಿಂತೆ ಇಲ್ಲ. ಡೆಬಿಯನ್ ಸುಮಾರು ಎರಡು ವರ್ಷಕ್ಕೊಂದು ಆವೃತ್ತಿ ಬಿಡುತ್ತದೆ. 13ನೆಯದು 2025ರ ಆಗಸ್ಟ್‌ನಲ್ಲಿ ಬಂತು. ಫೆಡೋರಾ ಆರು ತಿಂಗಳಿಗೊಂದು, ಒಂದೊಂದಕ್ಕೂ ಹೆಚ್ಚುಕಡಿಮೆ 13 ತಿಂಗಳ ಆಯಸ್ಸು. ಅಂದರೆ ವರ್ಷಕ್ಕೊಮ್ಮೆಯಾದರೂ ದೊಡ್ಡ ಅಪ್‌ಗ್ರೇಡ್ ಮಾಡಲೇಬೇಕು. ಆರ್ಚ್‌ಗೆ ಆವೃತ್ತಿ ಅನ್ನುವುದೇ ಇಲ್ಲ. ದಿನಾ ಏನಾದರೂ ಬರುತ್ತಲೇ ಇರುತ್ತದೆ.

"ಹಳೇದು ಇಟ್ಕೊಂಡ್ರೆ ಭದ್ರತೆ ಹೋಗಲ್ವಾ?" ಅಂತ ಕೇಳುವವರು ಜಾಸ್ತಿ. ಹೋಗಲ್ಲ. ಬೆಂಬಲ ಇರುವಷ್ಟು ದಿನ ಹಳೆಯ ಆವೃತ್ತಿಗೂ ಭದ್ರತಾ ತೇಪೆಗಳು ಬರುತ್ತಲೇ ಇರುತ್ತವೆ, ಬರದೇ ಇರುವುದು ಹೊಸ ಸೌಲಭ್ಯಗಳು ಮಾತ್ರ. ಕೆಲವೊಮ್ಮೆ ನಿಧಾನವೇ ಕಾಯುತ್ತದೆ. 2024ರ ಮಾರ್ಚ್ ಕೊನೆಯಲ್ಲಿ ಎಕ್ಸ್‌ಜಡ್ ಅನ್ನುವ ಸಣ್ಣ ಕಂಪ್ರೆಷನ್ ಲೈಬ್ರರಿಯಲ್ಲಿ ಯಾರೋ ವರ್ಷಗಟ್ಟಲೆ ಹೊಂಚು ಹಾಕಿ ಹಿಂಬಾಗಿಲು ಇಟ್ಟಿದ್ದು ಬಯಲಾಯಿತು. ಕಂಡುಹಿಡಿದದ್ದು ಆಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರ್. ದೂರದ ಕಂಪ್ಯೂಟರಿಗೆ ಸೇರಿಕೊಳ್ಳುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಅಂತ ಅನುಮಾನ ಬಂದು ಕೆದಕಿದರು, ಸಿಕ್ಕಿತು. ಅಷ್ಟರಲ್ಲಿ ಆ ಕೆಟ್ಟ ಆವೃತ್ತಿ ಡೆಬಿಯನ್‌ನ ಪರೀಕ್ಷಾ ಕವಲು, ಫೆಡೋರಾದ ಬೀಟಾ, ಓಪನ್‌ಸೂಸೆ ಟಂಬಲ್‌ವೀಡ್ ಎಲ್ಲಕ್ಕೂ ನುಗ್ಗಿಬಿಟ್ಟಿತ್ತು. ಡೆಬಿಯನ್ ಸ್ಟೇಬಲ್ ಮತ್ತು ಉಬುಂಟು ಎಲ್‌ಟಿಎಸ್ ಬಳಸುತ್ತಿದ್ದವರನ್ನು ಮುಟ್ಟಲೇ ಇಲ್ಲ. ಅವರಿಗಿನ್ನೂ ಅದು ತಲುಪಿರಲಿಲ್ಲ!

ಹಾಗಂತ ಹೊಸದು ಬೇಡ ಅಂತಲ್ಲ. ಮೊನ್ನೆ ಮೊನ್ನೆ ಅಂಗಡಿಗೆ ಬಂದ ಲ್ಯಾಪ್‌ಟಾಪ್ ಆದರೆ ಅದರ ವೈಫೈ, ಗ್ರಾಫಿಕ್ಸ್ ಚಿಪ್‌ಗಳಿಗೆ ಹೊಸ ಕರ್ನಲ್ಲೇ ಬೇಕಾಗುತ್ತದೆ. ಅಲ್ಲಿ ಫೆಡೋರಾ ಒಳ್ಳೆಯ ಆಯ್ಕೆ. ಎಂಟು ವರ್ಷ ಹಳೆಯ ಮೆಷೀನಿಗೆ ದಿನಾ ಹೊಸ ಕರ್ನಲ್ ತಿನ್ನಿಸಿ ಏನು ಸಿಗುತ್ತದೆ? ಹೊಸ ಆ್ಯಪ್ ಬೇಕು ಅಂದರೆ ಈಗ ಯಾವ ಡಿಸ್ಟ್ರೋದಲ್ಲೂ ನಡೆಯುವ ಫ್ಲಾಟ್‌ಪ್ಯಾಕ್ ರೂಪದ ಆ್ಯಪ್‌ಗಳಿವೆ. ತಳಪಾಯ ಹಳೆಯದಾಗಿದ್ದರೂ ಫ್ಲಾಟ್‌ಹಬ್‌ನಿಂದ ಇವತ್ತಿನ ಗಿಂಪ್, ಇವತ್ತಿನ ಲಿಬ್ರೆಆಫೀಸ್ ಇಳಿಸಿಕೊಳ್ಳಬಹುದು. ಡೌನ್‌ಲೋಡ್ ದೊಡ್ಡದು, ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡವರು ನೋಡಿಕೊಳ್ಳಿ. ಆದರೆ "ಸ್ಟೇಬಲ್ ಅಂದ್ರೆ ಹಳಸಲು" ಅನ್ನುವ ಹಳೆಯ ದೂರಿಗೆ ಈಗ ಅರ್ಥ ಉಳಿದಿಲ್ಲ.

ಇನ್ನು ಯಾರು ತೀರ್ಮಾನಿಸುತ್ತಾರೆ ಅನ್ನುವುದು. ಉಬುಂಟುವಿನ ಹಿಂದೆ ಕ್ಯಾನೊನಿಕಲ್ ಕಂಪನಿ. 2022ರ ಏಪ್ರಿಲ್‌ನ 22.04 ಆವೃತ್ತಿಯ ಹೊತ್ತಿಗೆ ಫೈರ್‌ಫಾಕ್ಸ್ ಅನ್ನು ಸ್ನ್ಯಾಪ್ ಅನ್ನುವ ತನ್ನದೇ ಆ್ಯಪ್ ರೂಪದಲ್ಲಿ ಕೊಡತೊಡಗಿತು, ಬಳಕೆದಾರರು ಗೊಣಗಿದರು. ಮಿಂಟ್‌ನವರು ಅದಕ್ಕೂ ಮೊದಲೇ, 2020ರಲ್ಲಿ, ನಮ್ಮಲ್ಲಿ ಸ್ನ್ಯಾಪ್ ತಾನಾಗಿ ಬರಬಾರದು ಅಂತ ತಡೆ ಹಾಕಿದ್ದರು. ಉಬುಂಟು ಕೈಕೊಟ್ಟರೆ ಅಂತ ನೇರ ಡೆಬಿಯನ್ ಮೇಲೆ ನಿಂತ ಎಲ್‌ಎಂಡಿಇ ಅನ್ನುವ ಇನ್ನೊಂದು ಆವೃತ್ತಿಯನ್ನೂ ಇಟ್ಟುಕೊಂಡಿದ್ದಾರೆ. ಇಂಥ ಮುಂದಾಲೋಚನೆ ನನಗೆ ಇಷ್ಟ. ಡೆಬಿಯನ್ 1993ರಿಂದ ಸ್ವಯಂಸೇವಕರ ಕೈಯಲ್ಲಿದೆ. ಅಲ್ಲಿ ದೊಡ್ಡ ವಿಷಯಗಳಿಗೆ ಮತ ಹಾಕುತ್ತಾರೆ. ವೈಫೈ ಚಿಪ್‌ಗಳಿಗೆ ಬೇಕಾದ ಮುಚ್ಚಿದ (ಮೂಲ ಕೋಡ್ ಬಿಟ್ಟುಕೊಡದ) ಫರ್ಮ್‌ವೇರ್ ಅನ್ನು ಇನ್‌ಸ್ಟಾಲರ್ ಜೊತೆಗೇ ಕೊಡೋಣ ಅಂತ 2022ರಲ್ಲಿ ಮತ ಹಾಕಿಯೇ ತೀರ್ಮಾನಿಸಿದರು. ಅಲ್ಲಿಯವರೆಗೆ ಡೆಬಿಯನ್ ಹಾಕಿದ ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಬರಲಿಲ್ಲ ಅನ್ನುವುದೇ ದೊಡ್ಡ ಗೋಳಾಗಿತ್ತು.

ಚಿಕ್ಕ ಡಿಸ್ಟ್ರೋಗಳ ಬಗ್ಗೆ ನನಗೆ ಭಯ ಇದೆ. ಚೆಂದದ ವಾಲ್‌ಪೇಪರ್, ಚೆಂದದ ಐಕಾನ್, ಹಿಂದೆ ಇಬ್ಬರೋ ಮೂವರೋ. ಆರ್ಚ್ ಮೇಲೆ ಕಟ್ಟಿದ್ದ ಅಂಟೆರ್ಗೋಸ್‌ನವರು ನಮಗೆ ಬಿಡುವಿಲ್ಲ ಅಂತ 2019ರಲ್ಲಿ ಬಾಗಿಲು ಹಾಕಿದರು. ದೊಡ್ಡವರಿದ್ದರೂ ಗ್ಯಾರಂಟಿ ಇಲ್ಲ ಅನ್ನಿ. ಇಂಟೆಲ್ ತನ್ನ ಕ್ಲಿಯರ್ ಲಿನಕ್ಸ್ ಅನ್ನು 2025ರ ಜುಲೈನಲ್ಲಿ ನಿಲ್ಲಿಸಿಬಿಟ್ಟಿತು.

ಆದ್ದರಿಂದ ಕೇಳಿದವರಿಗೆ ನನ್ನ ಉತ್ತರ ಬೋರು ಹೊಡೆಸುವಂಥದ್ದು. ಮಿಂಟ್ ಹಾಕಿ. ನಿಮಗೆ ಲಿನಕ್ಸ್ ಸ್ವಲ್ಪ ಗೊತ್ತಿದ್ದರೆ ಡೆಬಿಯನ್. ಹೊಸ ಲ್ಯಾಪ್‌ಟಾಪ್ ಆದರೆ ಫೆಡೋರಾ. ಕಂಪ್ಯೂಟರ್ ಬಿಚ್ಚಿ ನೋಡುವುದೇ ನಿಮ್ಮ ಖುಷಿ ಆದರೆ ಆರ್ಚ್, ಆದರೆ ಅಪ್ಪ ಅಮ್ಮನ ಮೆಷೀನಿಗೆ ಅದನ್ನು ಹಾಕಬೇಡಿ. ಆರ್ಚ್ ಬಳಸದವರಿಗೂ ಅವರ ವಿಕಿ ಒಂದು ನಿಧಿ ಅನ್ನುವುದನ್ನು ಒಪ್ಪುತ್ತೇನೆ. ಡಿಸ್ಟ್ರೋ ಆಯ್ಕೆ ಬಾಡಿಗೆ ಮನೆ ನೋಡಿದ ಹಾಗೆ, ಗೋಡೆ ಬಣ್ಣಕ್ಕಿಂತ ನೀರು ಎಷ್ಟು ಹೊತ್ತಿಗೆ ಬರುತ್ತೆ, ಓನರ್ ಎಂಥವರು ಅನ್ನುವುದೇ ಮುಖ್ಯ.

ಬಣ್ಣದ ವಿಚಾರವೇ ಬೇಕು ಅಂದರೆ ಅದನ್ನು ತೀರ್ಮಾನಿಸುವುದು ಡಿಸ್ಟ್ರೋ ಅಲ್ಲ, ಡೆಸ್ಕ್‌ಟಾಪ್, ಅಂದರೆ ಪರದೆಯ ಮೇಲಿನ ಮೆನು, ಪಟ್ಟಿ, ಕಿಟಕಿಗಳ ವ್ಯವಸ್ಥೆ. ವಿಂಡೋಸ್‌ನಿಂದ ಬಂದವರಿಗೆ ಮಿಂಟ್‌ನವರ ಸಿನಮನ್ ಅಥವಾ ಕೆಡಿಇ ಪ್ಲಾಸ್ಮಾ ಕೈಗೆ ಹೊಂದುತ್ತದೆ. ಕೆಳಗೆ ಪಟ್ಟಿ, ಮೂಲೆಯಲ್ಲಿ ಮೆನು. ಗ್ನೋಮ್ ಬೇರೆಯೇ ಜಾತಿ, ಕಿಟಕಿಯನ್ನು ಮಿನಿಮೈಸ್ ಮಾಡುವ ಬಟನ್ನೇ ಮೊದಲಿಗೆ ಇರುವುದಿಲ್ಲ. ಒಗ್ಗಿದವರು ಬಿಡುವುದಿಲ್ಲ. ಒಗ್ಗದವರು ಒಂದೇ ವಾರಕ್ಕೆ "ಲಿನಕ್ಸ್ ಸರಿ ಇಲ್ಲ" ಅನ್ನುತ್ತಾರೆ, ಬೈಸಿಕೊಳ್ಳುವುದು ಡಿಸ್ಟ್ರೋ.

ಹಳೆ ಮೆಷೀನು, 4 ಜಿಬಿ ರ‍್ಯಾಮ್, "ಹಗುರವಾದ ಡಿಸ್ಟ್ರೋ ಹೇಳಿ" ಅನ್ನುವವರಿಗೆ ಇನ್ನೊಂದು ಮಾತು. ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಡೆಸ್ಕ್‌ಟಾಪ್ ಹಾಕಿದರೆ ಒಂದಷ್ಟು ಮೆಮೊರಿ ಉಳಿಯುತ್ತದೆ, ನಿಜ. ಆದರೆ ಬ್ರೌಸರ್ ತೆಗೆದು ಹತ್ತು ಟ್ಯಾಬ್ ಹಾಕಿದ ಕೂಡಲೇ ಉಳಿಸಿದ್ದೆಲ್ಲ ಖಾಲಿ. ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಒಂದು ಚಿಕ್ಕ ಎಸ್‌ಎಸ್‌ಡಿ ಹಾಕಿಸಿ, ಸಾಧ್ಯವಾದರೆ ಇನ್ನೊಂದು 4 ಜಿಬಿ ರ‍್ಯಾಮ್ ಸೇರಿಸಿ. ಯಾವ ಡಿಸ್ಟ್ರೋ ಕೊಡುವ ವೇಗಕ್ಕಿಂತಲೂ ಇದು ಜಾಸ್ತಿ. 32 ಬಿಟ್‌ನ ತೀರಾ ಹಳೆಯ ಮೆಷೀನುಗಳಿಗೆ ಈಗ ದಾರಿ ಕಿರಿದಾಗುತ್ತಿದೆ. ಡೆಬಿಯನ್ ಕೂಡ 13ರಿಂದ ಅವಕ್ಕೆ ಇನ್‌ಸ್ಟಾಲರ್ ಕೊಡುತ್ತಿಲ್ಲ.

ಈಗ ಕನ್ನಡಕ್ಕೆ ಬರೋಣ. ಯಾವ ಡಿಸ್ಟ್ರೋ ಅನ್ನುವ ಚರ್ಚೆಗಳಲ್ಲಿ ಕಾಣಿಸದೇ ಇರುವುದು ಇದೇ. ನಮ್ಮಲ್ಲಿ ಅನೇಕರು ಲಿನಕ್ಸ್ ಬಿಟ್ಟು ವಾಪಸ್ ಹೋಗುವುದೂ ಇದೇ ಕಾರಣಕ್ಕೆ.

ನಮ್ಮ ಬೆರಳಿಗೆ ಕೂತಿರುವುದು ನುಡಿಯ ಕೀಲಿಮಣೆ. ಕೆ.ಪಿ. ರಾವ್ ರೂಪಿಸಿದ, ಕನ್ನಡ ಗಣಕ ಪರಿಷತ್ತಿನ (ಕಗಪ) ಮೂಲಕ ಮನೆಮಾತಾದ ವಿನ್ಯಾಸ. ಎಫ್ ಒತ್ತಿದರೆ ಒತ್ತು, ಕ್ಯೂಗೆ ಟ, ಡಬ್ಲ್ಯೂಗೆ ಡ. ನುಡಿ, ಬರಹ ಅನ್ನುವ ಸಾಫ್ಟ್‌ವೇರ್ ಎರಡೂ ವಿಂಡೋಸ್‌ನವು. ಲಿನಕ್ಸ್‌ಗೆ ಬಂದವರು ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ಹುಡುಕುತ್ತಾರೆ, ಪಟ್ಟಿಯಲ್ಲಿ "ಕನ್ನಡ, ಕಗಪ, ಫೊನೆಟಿಕ್" ಅಂತ ಸಿಗುತ್ತದೆ. ಖುಷಿಯಾಗಿ ಹಾಕಿಕೊಳ್ಳುತ್ತಾರೆ. ವ್ಯಂಜನಗಳು ಸರಿ ಬರುತ್ತವೆ. ಸ್ವರಕ್ಕೆ ಬಂದಾಗ ಎಡವಟ್ಟು. ನುಡಿಯಲ್ಲಿ ಪದದ ಮೊದಲಿಗೆ ಇಂಗ್ಲಿಷಿನ ಐ ಕೀ ಒತ್ತಿದರೆ ಇ ಬರುತ್ತದೆ, ಕ ಆದ ಮೇಲೆ ಅದನ್ನೇ ಒತ್ತಿದರೆ ಕಿ ಆಗುತ್ತದೆ. ಹಿಂದೆ ಏನಿದೆ ಅಂತ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ. ಆ ಪಟ್ಟಿಯಲ್ಲಿರುವುದು ಬರೀ ಕೀಬೋರ್ಡ್ ಲೇಔಟ್. ಒಂದು ಕೀಗೆ ಒಂದು ಅಕ್ಷರ ಅಂತ ಕೊಡುವುದಷ್ಟೇ ಅದಕ್ಕೆ ಗೊತ್ತು. ಇ ಬೇಕಾದಾಗ ಒಂದು ರೀತಿ, ಗುಡಿಸು ಬೇಕಾದಾಗ ಇನ್ನೊಂದು ರೀತಿ ಒತ್ತಬೇಕು. ನುಡಿಯ ಅಭ್ಯಾಸ ಇರುವವರಿಗೆ ಸಾಲಿಗೆ ನಾಲ್ಕು ಸಲ ತಪ್ಪುತ್ತದೆ.

ಬೇಕಾಗಿರುವುದು ಅದಲ್ಲ. ಟೈಪಿಂಗ್ ನೋಡಿಕೊಳ್ಳುವ ಐಬಸ್ ಅನ್ನುವ ಸಾಫ್ಟ್‌ವೇರ್ ಜೊತೆಗೆ ಎಂ17ಎನ್ ಅನ್ನುವ ಪ್ಯಾಕೇಜ್ ಹಾಕಿಕೊಂಡು, ಕನ್ನಡದ ಅಡಿಯಲ್ಲಿ ಕೆಜಿಪಿ ಅಂತ ಇರುವುದನ್ನು ಆರಿಸಿಕೊಳ್ಳಬೇಕು. ಇದು ಹಿಂದಿನ ಅಕ್ಷರ ನೋಡಿ ಸ್ವರವನ್ನು ತಾನೇ ಕೂಡಿಸುತ್ತದೆ. ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಕೂಡ ಅಲ್ಲೇ ಇವೆ. ಉಬುಂಟು, ಡೆಬಿಯನ್, ಫೆಡೋರಾ, ಎಲ್ಲದರಲ್ಲೂ ಇದೇ ಪ್ಯಾಕೇಜು. ಹತ್ತು ನಿಮಿಷದ ಕೆಲಸ. ಆದರೆ ಯಾರೂ ಹೇಳದಿದ್ದರೆ ವಾರಗಟ್ಟಲೆ ಒದ್ದಾಡಬಹುದು, ಆಮೇಲೆ ಡಿಸ್ಟ್ರೋ ಬದಲಿಸಿದರೆ ಸರಿಹೋಗುತ್ತೇನೋ ಅಂತ ಇನ್ನೊಂದು ವಾರ.

ಇದರ ಮೇಲೆ ವೇಲ್ಯಾಂಡ್ ಬಂದಿದೆ. ಪರದೆಗೆ ಚಿತ್ರ ಕಳಿಸುವ ಹಳೆಯ ಎಕ್ಸ್11 ವ್ಯವಸ್ಥೆಯ ಜಾಗಕ್ಕೆ ಬರುತ್ತಿರುವ ಹೊಸದು. ಉಬುಂಟು 25.10 ಮತ್ತು ಫೆಡೋರಾ 43ರ ಗ್ನೋಮ್‌ನಲ್ಲಿ ಹಳೆಯದಕ್ಕೆ ಲಾಗಿನ್ ಆಗುವ ಆಯ್ಕೆಯೇ ಇಲ್ಲ. ಕೆಡಿಇಯವರೂ ಪ್ಲಾಸ್ಮಾ 6.8ಕ್ಕೆ ಅದನ್ನು ಬಿಡುತ್ತೇವೆ ಅಂದಿದ್ದಾರೆ. ಭದ್ರತೆಗೆ ಒಳ್ಳೆಯದು, ಎರಡು ಬೇರೆ ಬೇರೆ ಗಾತ್ರದ ಮಾನಿಟರ್ ಇಟ್ಟುಕೊಂಡವರಿಗೆ ವರ. ಕನ್ನಡ ಟೈಪ್ ಮಾಡುವವರಿಗೆ ಮಾತ್ರ ಒಂದಷ್ಟು ಹೊಸ ಗೊಂದಲ. ಗ್ನೋಮ್‌ನಲ್ಲಿ ಐಬಸ್ ಒಳಗೇ ಸೇರಿಕೊಂಡಿರುವುದರಿಂದ ತೊಂದರೆ ಕಡಿಮೆ. ಕೆಡಿಇಯಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ "ವರ್ಚುವಲ್ ಕೀಬೋರ್ಡ್" ಅನ್ನುವ ಪುಟದಲ್ಲಿ ಐಬಸ್ ಥರದ್ದೇ ಆದ ಎಫ್‌ಸಿಐಟಿಎಕ್ಸ್ 5 ಆರಿಸಬೇಕು. ನಿಜವಾದ ಕೀಬೋರ್ಡಿನ ವಿಷಯ ಆ ಹೆಸರಿನ ಪುಟದಲ್ಲಿರುತ್ತೆ ಅಂತ ಯಾರಿಗೆ ಹೊಳೆಯಬೇಕು, ಹೇಳಿ? ಫೈರ್‌ಫಾಕ್ಸ್‌ನಲ್ಲಿ ಕನ್ನಡ ಬರುತ್ತದೆ, ಕ್ರೋಮ್ ಮಾದರಿಯ ಆ್ಯಪ್‌ಗಳಲ್ಲಿ ಬರುವುದಿಲ್ಲ ಅನ್ನುವ ದೂರಿನ ಹಿಂದೆಯೂ ಬಹಳ ಸಲ ಇದೇ ಇರುತ್ತದೆ. ಸಿನಮನ್‌ನಲ್ಲಿ ವೇಲ್ಯಾಂಡ್ ಇನ್ನೂ ಪ್ರಯೋಗದ ಹಂತದಲ್ಲಿದೆ, ಎಕ್ಸ್11 ಹಾಗೇ ನಡೆಯುತ್ತಿದೆ. ಸದ್ಯಕ್ಕೆ ಮಿಂಟ್ ಹಾಕಿ ಅನ್ನುವುದಕ್ಕೆ ನನ್ನ ಹತ್ತಿರ ಇರುವ ಕಾರಣಗಳಲ್ಲಿ ಇದೂ ಒಂದು.

ಪರೀಕ್ಷೆಗೆ ಒಂದು ಪದ ಕೊಡುತ್ತೇನೆ: ರ‍್ಯಾಂಕ್. ಸುಮ್ನೆ ರ, ಒತ್ತು, ಯ ಅಂತ ಹೊಡೆದರೆ ರ್ಯಾಂಕ್ ಅಂತ ಅರ್ಕಾವತ್ತು ಬರುತ್ತದೆ. ಸರಿಯಾಗಿ ಬರಬೇಕಾದರೆ ರ ಮತ್ತು ಒತ್ತಿನ ನಡುವೆ ಕಣ್ಣಿಗೆ ಕಾಣದ ಜೋಡಿಸುವ ಅಕ್ಷರ ಒಂದು ಕೂರಬೇಕು. ನಿಮ್ಮ ಕೀಬೋರ್ಡಿನಿಂದ ಅದನ್ನು ಹಾಕಲು ಬಂದರೆ, ಪರದೆಯ ಮೇಲೂ ಪಿಡಿಎಫ್‌ನಲ್ಲೂ ಪದ ಒಂದೇ ಥರ ಕಂಡರೆ, ಕನ್ನಡದ ಮಟ್ಟಿಗೆ ನಿಮ್ಮ ಲಿನಕ್ಸ್ ತಯಾರಾಗಿದೆ.

ಲಿಬ್ರೆಆಫೀಸ್‌ನಲ್ಲಿ ಇನ್ನೊಂದು ಕೊಕ್ಕೆ. ಸ್ಟೈಲ್‌ಗೆ ಹೋಗಿ ಫಾಂಟ್ ಬದಲಿಸುತ್ತೀರಿ, ಇಂಗ್ಲಿಷ್ ಬದಲಾಗುತ್ತದೆ, ಕನ್ನಡ ಜಪ್ಪಯ್ಯ ಅಂದರೂ ಕದಲುವುದಿಲ್ಲ. ಕನ್ನಡ ಅದಕ್ಕೆ "ಕಾಂಪ್ಲೆಕ್ಸ್ ಟೆಕ್ಸ್ಟ್". ಅದರ ಫಾಂಟ್, ಗಾತ್ರ ಎರಡೂ ಬೇರೆ ಟ್ಯಾಬ್‌ನಲ್ಲಿವೆ. ಒಮ್ಮೆ ಅಲ್ಲಿ ಹೊಂದಿಸಿ ಟೆಂಪ್ಲೇಟ್ ಮಾಡಿಟ್ಟುಕೊಂಡರೆ ಮತ್ತೆ ಆ ಕಡೆ ನೋಡಬೇಕಿಲ್ಲ. ಹಳೆಯ ನುಡಿ ಕಡತಗಳ ಕಥೆ ಇದಕ್ಕಿಂತ ಕಷ್ಟದ್ದು. ಅವುಗಳಲ್ಲಿ ಇರುವುದು ಕನ್ನಡವೇ ಅಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಫಾಂಟು ಕನ್ನಡದ ವೇಷ ಹಾಕಿರುತ್ತದೆ. ಆ ಫಾಂಟ್ ಫೈಲನ್ನು ಲಿನಕ್ಸ್‌ಗೂ ಹಾಕಿಕೊಂಡರೆ ಓದಲು, ಪ್ರಿಂಟ್ ತೆಗೆಯಲು ಆಗುತ್ತದೆ. ತಿದ್ದಬೇಕು ಅಂದರೆ ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ಅರ್ಕಾವತ್ತು ಇರುವ ಕಡೆಯೆಲ್ಲ ಒಂದು ಸಲ ಕಣ್ಣಾಡಿಸಿ.

ಕನ್ನಡ ಆದ ಮೇಲೆ ಪ್ರಿಂಟರ್. ಕಳೆದ ಏಳೆಂಟು ವರ್ಷಗಳಲ್ಲಿ ಬಂದ ವೈಫೈ ಪ್ರಿಂಟರುಗಳು ಡ್ರೈವರ್ ಇಲ್ಲದೆಯೇ ಸಿಕ್ಕಿಬಿಡುತ್ತವೆ, ಎಚ್‌ಪಿಗೆ ಎಚ್‌ಪಿಲಿಪ್ ಇದೆ. ಆದರೆ ನಮ್ಮ ಝೆರಾಕ್ಸ್ ಅಂಗಡಿ, ವಕೀಲರ ಕಚೇರಿಗಳಲ್ಲಿ ಮಾಮೂಲಿಯಾಗಿ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತಾಡುವುದು ಕ್ಯಾಪ್ಟ್ ಅನ್ನುವ ತನ್ನದೇ ಭಾಷೆ. ಲಿನಕ್ಸ್‌ನಲ್ಲಿ ಅದನ್ನು ನಡೆಸುವುದು ತಲೆನೋವಿನ ಕೆಲಸ ಅಂತ ಹೆಸರಾಗಿದೆ. ಮನೆಯಲ್ಲಿ ಅದೇ ಇದ್ದರೆ ಡಿಸ್ಟ್ರೋ ಪಟ್ಟಿ ಪಕ್ಕಕ್ಕಿಟ್ಟು ಮೊದಲು ಆ ಪ್ರಿಂಟರಿಗೆ ದಾರಿ ಹುಡುಕಿ.

ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಚುಚ್ಚಿ ದಿನಾ ರಿಟರ್ನ್ ಸಲ್ಲಿಸುವವರು, ಪೇಜ್‌ಮೇಕರ್‌ನಲ್ಲಿ ಆಹ್ವಾನಪತ್ರಿಕೆ ಮಾಡುವ ಡಿಟಿಪಿಯವರು ಲಿನಕ್ಸ್‌ಗೆ ಬರಲೇಬೇಕು ಅಂತ ನಾನು ಹೇಳುವುದಿಲ್ಲ. ಬಂದರೂ ಒಂದು ವಿಂಡೋಸ್ ಅನ್ನು ಪಕ್ಕದಲ್ಲೋ ವರ್ಚುವಲ್ ಮೆಷೀನಿನಲ್ಲೋ ಉಳಿಸಿಕೊಳ್ಳಿ. ಆಟಗಳ ವಿಷಯ ಈಗ ಪರವಾಗಿಲ್ಲ. 2018ರಲ್ಲಿ ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವಾಲ್ವ್‌ನ ಪ್ರೋಟಾನ್ ಬಂದ ಮೇಲೆ ಸ್ಟೀಮ್‌ನ ಎಷ್ಟೋ ಆಟ ಓಡುತ್ತವೆ, ವಾಲೊರಂಟ್ ಥರದವು ಮಾತ್ರ ಇಲ್ಲ.

ಹಾಕುವ ಮೊದಲು ಪೆನ್‌ಡ್ರೈವ್‌ನಿಂದಲೇ ಲೈವ್ ಆಗಿ ನಡೆಸಿ ನೋಡಿ. ವೈಫೈ, ಶಬ್ದ, ಕ್ಯಾಮೆರಾ ಅಂತೂ ಎಲ್ಲರೂ ನೋಡುತ್ತಾರೆ. ಮುಚ್ಚಳ ಮುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ನಿದ್ದೆಯಿಂದ ಏಳದ ಲ್ಯಾಪ್‌ಟಾಪ್‌ನಷ್ಟು ರೇಗಿಸುವುದು ಇನ್ನೊಂದಿಲ್ಲ. ವಿಂಡೋಸ್ ಉಳಿಸಿಕೊಳ್ಳುವುದಾದರೆ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ.

ಕೊನೆಯದಾಗಿ, ಹತ್ತಿರದಲ್ಲಿ ಯಾರು ಏನು ಬಳಸುತ್ತಾರೆ ಅಂತಲೂ ನೋಡಿ. ತೊಡಕಾದಾಗ ಬಂದು ಪಕ್ಕದಲ್ಲಿ ಕೂರುವ ಗೆಳೆಯ ಫೆಡೋರಾದವನಾದರೆ ನೀವೂ ಫೆಡೋರಾ ಹಾಕಿ, ನಾನು ಮೇಲೆ ಬರೆದದ್ದನ್ನೆಲ್ಲ ಬಿಡಿ. ಕೇರಳದ ಶಾಲೆಗಳು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಅಲ್ಲಿನ ಕೈಟ್ ಸಂಸ್ಥೆ ಉಬುಂಟುವನ್ನು ತನಗೆ ಬೇಕಾದಂತೆ ತಿದ್ದಿ, ಮಲಯಾಳಂ ಟೈಪಿಂಗು, ಪಾಠಕ್ಕೆ ಬೇಕಾದ ಸಾಫ್ಟ್‌ವೇರು ಎಲ್ಲ ಸೇರಿಸಿ ಶಾಲೆಗಳಿಗೆ ಕೊಡುತ್ತದೆ. ಮೇಷ್ಟ್ರಿಗೂ ಅದೇ, ಮಕ್ಕಳಿಗೂ ಅದೇ. ಯಾವ ಡಿಸ್ಟ್ರೋ ಅನ್ನುವ ಪ್ರಶ್ನೆ ಯಾರಿಗೂ ಹುಟ್ಟುವುದಿಲ್ಲ. 2024ರಲ್ಲಿ ಅವರು ಹೊಸ ಆವೃತ್ತಿ ಬಿಡುವಾಗ ಉಬುಂಟು 24.04 ಆಗಲೇ ಹೊರಬಂದಿತ್ತು. ಆದರೂ ತಳಪಾಯಕ್ಕೆ ಆರಿಸಿಕೊಂಡದ್ದು ಎರಡು ವರ್ಷ ಹಳೆಯ 22.04.